ನಾಯಿಯೋ ಬೆಕ್ಕೋ ಮೀನೋ? ಮೊದಲು ಪುಸ್ತಕ ತನ್ನಿ

ಮಗು ನಾಯಿಮರಿ ಬೇಕೆಂದು ಹಟ ಹಿಡಿದ ಮನೆಗೆ ಮೊದಲು ಬರಬೇಕಾದದ್ದು ಮರಿಯಲ್ಲ, ನಗಿಸುವ ಒಂದು ಚಿತ್ರಪುಸ್ತಕ. ‘ಬೇಡ ಅಂದ್ರೆ ಬೇಡ’ ಎಂದು ಗದರಿದರೆ ಮಗು ಮುಖ ಊದಿಸಿಕೊಳ್ಳುತ್ತದೆ. ‘ಆಮೇಲೆ ನೋಡೋಣ’ ಎಂದು ಸಾಗಹಾಕಿದರೆ ನಾಳೆ ಮತ್ತೆ ಅದೇ ಪ್ರಶ್ನೆ ಎದುರು ನಿಲ್ಲುತ್ತದೆ. ಸೋತು ಭಾನುವಾರ ಅಂಗಡಿಗೆ ಹೋಗಿಬಿಟ್ಟರೆ ಹತ್ತು ಹದಿನೈದು ವರ್ಷದ ಹೊಣೆಯೊಂದು ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಈ ಮೂರಕ್ಕಿಂತ ಒಳ್ಳೆಯ ದಾರಿ ಇದೆ. ಸಾಕುಪ್ರಾಣಿಯನ್ನು ಆರಿಸುವ ಪೇಚಾಟವನ್ನೇ ಕಥೆ ಮಾಡಿಕೊಂಡ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಅವನ್ನು ಮಗುವಿನ ಪಕ್ಕ ಕೂತು ಓದಿದರೆ, ಹಟವಾಗಿದ್ದದ್ದು ಮಾತುಕತೆಯಾಗುತ್ತದೆ. ಯಾವ ಪುಸ್ತಕ, ಓದುವುದು ಹೇಗೆ, ಓದಿದ ಮೇಲೆ ನಮ್ಮ ಮನೆ, ನಮ್ಮ ಊರು, ನಮ್ಮ ಕಾನೂನಿನ ಒಳಗೆ ಯಾವ ಪ್ರಾಣಿ ಎಂಬುದನ್ನು ಇಲ್ಲಿ ನೋಡೋಣ.

ಮಧ್ಯಾಹ್ನದೊಳಗೆ ಒಂದೇ ಒಂದು

ಈ ಬಗೆಯ ಪುಸ್ತಕಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಡಾ. ಸ್ಯೂಸ್ ಅವರ ‘ವಾಟ್ ಪೆಟ್ ಶುಡ್ ಐ ಗೆಟ್?’. ಸ್ಯೂಸ್ ಎಂಬುದು ಥಿಯೋಡರ್ ಸ್ಯೂಸ್ ಗೈಸೆಲ್ ಅವರ ಕಾವ್ಯನಾಮ. ಅವರು ತೀರಿಕೊಂಡದ್ದು 1991ರಲ್ಲಿ, ಈ ಪುಸ್ತಕ ಹೊರಬಂದದ್ದು 2015ರ ಜುಲೈನಲ್ಲಿ. ಕ್ಯಾಲಿಫೋರ್ನಿಯಾದ ಅವರ ಮನೆಯಲ್ಲಿ ಎತ್ತಿಟ್ಟಿದ್ದ ಪೆಟ್ಟಿಗೆಯೊಂದನ್ನು ಪತ್ನಿ ಆಡ್ರಿ ಗೈಸೆಲ್ 2013ರಲ್ಲಿ ತೆರೆದಾಗ, ಹೆಚ್ಚುಕಡಿಮೆ ಮುಗಿದಿದ್ದ ಹಸ್ತಪ್ರತಿ ಸಿಕ್ಕಿತು. ಕಪ್ಪುಬಿಳುಪಿನ ರೇಖಾಚಿತ್ರಗಳು, ಅವುಗಳ ಮೇಲೆ ಅಂಟಿಸಿದ ಟೈಪ್ ಮಾಡಿದ ಚೀಟಿಗಳು. ಬಹುಕಾಲ ಅವರ ಜೊತೆ ಕೆಲಸ ಮಾಡಿದ್ದ ಕಲಾ ನಿರ್ದೇಶಕಿ ಕ್ಯಾಥಿ ಗೋಲ್ಡ್‌ಸ್ಮಿತ್ ಆ ಚಿತ್ರಗಳಿಗೆ ಬಣ್ಣ ತುಂಬಿಸಿದರು. ಕಥೆಯ ಅಣ್ಣತಂಗಿಯನ್ನು 1960ರ ‘ಒನ್ ಫಿಶ್ ಟೂ ಫಿಶ್ ರೆಡ್ ಫಿಶ್ ಬ್ಲೂ ಫಿಶ್’ ಪುಸ್ತಕದಲ್ಲಿ ಓದುಗರು ಆಗಲೇ ಕಂಡಿದ್ದರು. ಹಾಗಾಗಿ ಇದನ್ನೂ ಅದೇ ಕಾಲದಲ್ಲಿ ಬರೆದಿರಬೇಕೆಂದು ಪ್ರಕಾಶಕರು ತರ್ಕಿಸಿದರು. ಸ್ಯೂಸ್ ಬೆಳೆದದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಲ್ಲಿನ ಮೃಗಾಲಯ ಅವರ ತಂದೆಯ ಉಸ್ತುವಾರಿಯಲ್ಲಿತ್ತು. ಪ್ರಾಣಿಗಳ ಮೈಯನ್ನು ಹಿಗ್ಗಿಸಿ, ಬಳುಕಿಸಿ, ತಿರುಚಿ ಬರೆಯುವ ಕೈಗೆ ಆ ಬಾಲ್ಯದ ಬಳಕೆಯೂ ಇದೆ.

ಕಥೆ ಚಿಕ್ಕದು. ಒಂದು ಪ್ರಾಣಿ ತರಬಹುದು, ದುಡ್ಡು ನಾನು ಕೊಡುತ್ತೇನೆ ಎಂದು ಅಪ್ಪ ಒಪ್ಪಿದ್ದಾನೆ. ಮಧ್ಯಾಹ್ನದೊಳಗೆ ಮನೆ ಸೇರಬೇಕೆಂಬುದು ಅಮ್ಮನ ಕಟ್ಟಪ್ಪಣೆ. ಅಂಗಡಿಗೆ ಹೋದ ಮಕ್ಕಳಿಗೆ ನಾಯಿ ಕಂಡರೆ ನಾಯಿ ಬೇಕು, ಬೆಕ್ಕು ಕಂಡರೆ ಬೆಕ್ಕು ಬೇಕು. ಮರಿಗಳು ಕಣ್ಣಿಗೆ ಬಿದ್ದರೆ ದೊಡ್ಡವು ಮರೆತೇ ಹೋಗುತ್ತವೆ. ಹಕ್ಕಿ ಹಾಡುತ್ತದೆ, ಮೊಲ ಕುಪ್ಪಳಿಸುತ್ತದೆ, ಮೀನು ಈಜುತ್ತದೆ. ಎಲ್ಲವನ್ನೂ ಒಯ್ದರೆ ಅಪ್ಪ ರೇಗುತ್ತಾನೆ, ಏನೂ ಒಯ್ಯದಿದ್ದರೆ ಬಂದದ್ದೇ ದಂಡ. ತಲೆ ಕೆಟ್ಟು ಕೊನೆಗೆ ಲೋಕದಲ್ಲೇ ಇಲ್ಲದ ಪ್ರಾಣಿಗಳನ್ನೂ ಕಲ್ಪಿಸಿಕೊಳ್ಳುತ್ತಾರೆ. ಅವುಗಳಲ್ಲಿ ಒಂದನ್ನು ಇರಿಸಲು ದೊಡ್ಡ ಡೇರೆಯೇ ಬೇಕು, ಅಮ್ಮ ಏನೆಂದಾಳು ಎಂಬ ಅಳುಕು ಬೇರೆ. ನಡುನಡುವೆ ವಿಚಿತ್ರ ಜೀವಿಗಳು ಬೇಗ ಮನಸ್ಸು ಮಾಡಿ ಎಂದು ಬರೆದ ಪಟ್ಟಿ ಹಿಡಿದು ಪುಟದ ಉದ್ದಕ್ಕೂ ಸಾಗುತ್ತವೆ. ಕಡೆಯಲ್ಲಿ ಆಯ್ಕೆ ಆಗುತ್ತದೆ. ಏನನ್ನು ಆರಿಸಿದರು ಎಂಬುದನ್ನು ಮಾತ್ರ ಸ್ಯೂಸ್ ಹೇಳುವುದಿಲ್ಲ. ಬುಟ್ಟಿಯ ಒಳಗಿನಿಂದ ಎರಡು ಕಣ್ಣು ಇಣುಕುತ್ತವೆ, ಅಷ್ಟೇ.

ನನ್ನ ಮಟ್ಟಿಗೆ ಆ ಎರಡು ಕಣ್ಣೇ ಪುಸ್ತಕದ ಜೀವ. ಯಾವ ಪ್ರಾಣಿ ಮೇಲು ಎಂಬ ತೀರ್ಪು ಕೊಡದೆ, ಆರಿಸುವ ಕೆಲಸವನ್ನು ಓದಿಸಿಕೊಂಡ ಮಗುವಿನ ಕೈಗೇ ಬಿಡುತ್ತದೆ. ಪುಸ್ತಕದ ನಗುವೆಲ್ಲ ಹುಟ್ಟುವುದು ಗಡಿಯಾರದ ಆತುರದಿಂದ ಎಂಬುದನ್ನೂ ಗಮನಿಸಬೇಕು. ಕಥೆಗೆ ಆತುರ ರುಚಿ ಕೊಡುತ್ತದೆ. ನಿಜವಾದ ಮನೆಯಲ್ಲಿ ಪ್ರಾಣಿಯ ಪಾಲಿಗೆ ಅತಿ ಹೆಚ್ಚು ಕಷ್ಟ ತರುವುದೂ ಆ ಆತುರವೇ. ಕಥೆ ಹುಟ್ಟಿದ ಕಾಲದಲ್ಲಿ ಪ್ರಾಣಿ ಬೇಕೆಂದರೆ ಅಂಗಡಿಗೆ ಹೋಗುವುದು ವಾಡಿಕೆಯಾಗಿತ್ತು. ಈಗ ಆಶ್ರಯಧಾಮದಿಂದ ದತ್ತು ತರುವುದು ಒಳ್ಳೆಯದು ಎಂದು ಪ್ರಕಾಶಕರು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಸೇರಿಸಿದ್ದಾರೆ. ಆ ಟಿಪ್ಪಣಿಯ ಪುಟಗಳನ್ನು ಹಾರಿಸಬೇಡಿ, ಅದರ ಸಾರವನ್ನು ಮಗುವಿಗೆ ಹೇಳಿ.

ಓದುವಾಗ ಏನು ಮಾಡಬೇಕು

ಮಗುವಿಗೆ ಇಂಗ್ಲಿಷ್ ಬಾರದಿದ್ದರೆ ತೊಂದರೆಯಿಲ್ಲ. ಪ್ರಾಸದ ಸಾಲುಗಳನ್ನು ಒಮ್ಮೆ ಜೋರಾಗಿ ಓದಿ ಅದರ ಲಯ ಕೇಳಿಸಿ, ಆಮೇಲೆ ಚಿತ್ರ ತೋರಿಸುತ್ತ ಮನೆಮಾತಿನಲ್ಲಿ ಕಥೆ ಹೇಳಿ. ಮೊದಲ ಸಲ ಓದುವಾಗ ಪಾಠ ಹೇಳಬೇಡಿ, ಮಗು ಹೊಟ್ಟೆತುಂಬ ನಗಲಿ. ಎರಡನೆಯ ಸಲ ಒಂದೊಂದು ಪ್ರಾಣಿಯ ಬಳಿ ನಿಂತು ಒಂದೊಂದು ಪ್ರಶ್ನೆ ಕೇಳಿ. ‘ಇದು ರಾತ್ರಿ ಎಲ್ಲಿ ಮಲಗುತ್ತೆ?’ ‘ನಾವು ಅಜ್ಜಿ ಊರಿಗೆ ಹೋದರೆ ಇದಕ್ಕೆ ಊಟ ಹಾಕೋರು ಯಾರು?’ ‘ಇದಕ್ಕೆ ಕಕ್ಕ ಬಂದರೆ?’ ಕೊನೆಯ ಪ್ರಶ್ನೆಗೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗುತ್ತಲೇ ಯೋಚಿಸುತ್ತಾರೆ. ಇದೇ ಪ್ರಶ್ನೆಯನ್ನು ಮುಖ ಗಂಟಿಕ್ಕಿಕೊಂಡು ಕೇಳಿದ್ದರೆ ಅದು ಮಗುವಿಗೆ ಬೇಡ ಎನ್ನಲು ಹೂಡಿದ ನೆಪವಾಗಿ ಕೇಳಿಸುತ್ತಿತ್ತು.

ಬುಟ್ಟಿಯ ಪುಟ ಬಂದಾಗ ಪುಸ್ತಕ ಮುಚ್ಚಿ, ಒಳಗೆ ಇರುವುದೇನು ಎಂದು ಚಿತ್ರ ಬರೆಯಲು ಹೇಳಿ. ಕೆಲವು ದಿನ ಬಿಟ್ಟು ಮತ್ತೆ ಓದಿ, ಮತ್ತೆ ಬರೆಸಿ. ಪ್ರತಿ ಸಲವೂ ಬೇರೆ ಪ್ರಾಣಿ ಬಂದರೆ ಮಗುವಿನ ಮನಸ್ಸು ಇನ್ನೂ ಒಂದೆಡೆ ನಿಂತಿಲ್ಲ ಎಂದರ್ಥ, ಕಾಯಿರಿ. ಪ್ರತಿ ಸಲವೂ ಅದೇ ಬೆಕ್ಕು ಬಂದರೆ ಆ ಆಸೆಗೆ ಬೇರಿದೆ.

ಹಟದ ಬಗೆ ನೋಡಿ ಪುಸ್ತಕ ಆರಿಸಿಕೊಳ್ಳಬಹುದು. ಎರಡು ಮೂರು ವರ್ಷದವರಿಗೆ ರಾಡ್ ಕ್ಯಾಂಪ್‌ಬೆಲ್ ಅವರ ‘ಡಿಯರ್ ಝೂ’ (1982) ಸರಿ. ಸಾಕಲು ಪ್ರಾಣಿ ಕಳಿಸಿ ಎಂದು ಮಗುವೊಂದು ಮೃಗಾಲಯಕ್ಕೆ ಬರೆದರೆ ಅವರು ಆನೆಯಿಂದ ಶುರುಮಾಡುತ್ತಾರೆ. ಪುಟದ ಮೇಲಿನ ಮುಚ್ಚಳ ಎತ್ತಿದರೆ ಪ್ರಾಣಿ. ಒಂದು ತೀರಾ ದೊಡ್ಡದು, ಒಂದು ತೀರಾ ಎತ್ತರ, ಇನ್ನೊಂದು ತೀರಾ ತುಂಟ, ಎಲ್ಲವೂ ವಾಪಸು. ವಾಪಸು ಕಳಿಸಲು ಒಂದು ಕಾರಣ ಬೇಕು ಎಂಬುದನ್ನು ಇಷ್ಟು ಸಣ್ಣ ಮಗುವಿಗೆ ಇಷ್ಟು ಸರಳವಾಗಿ ಕಲಿಸುವ ಪುಸ್ತಕ ನನಗೆ ಬೇರೆ ಗೊತ್ತಿಲ್ಲ.

ಓದು ಬರಹ ಕಲಿತ ಮಗುವಿಗೆ ಕ್ಯಾರೆನ್ ಕೌಫ್‌ಮನ್ ಓರ್ಲಾಫ್ ಬರೆದು ಡೇವಿಡ್ ಕ್ಯಾಟ್ರೋ ಚಿತ್ರ ಬಿಡಿಸಿದ ‘ಐ ವಾನಾ ಇಗ್ವಾನಾ’ (2004) ಕೊಡಿ. ಗೆಳೆಯನ ಇಗ್ವಾನಾ ಮರಿ ಬೇಕೆಂದು ಅಲೆಕ್ಸ್ ಅಮ್ಮನಿಗೆ ಪತ್ರ ಬರೆಯುತ್ತಾನೆ, ಅಮ್ಮ ಪತ್ರದಲ್ಲೇ ಉತ್ತರಿಸುತ್ತಾಳೆ. ಇಡೀ ಪುಸ್ತಕ ಈ ವಾದ ಪ್ರತಿವಾದವೇ. ಇದನ್ನು ಓದಿದ ಮೇಲೆ ಮನೆಯಲ್ಲೂ ಹಾಗೇ ಮಾಡಿ. ಬೇಕು ಎನ್ನುವುದನ್ನೆಲ್ಲ ಮಗು ಕನ್ನಡದಲ್ಲಿ ಪತ್ರವಾಗಿ ಬರೆದು ಫ್ರಿಜ್‌ಗೆ ಅಂಟಿಸಲಿ, ನೀವೂ ಚೀಟಿ ಬರೆದು ಕೆಳಗೆ ಅಂಟಿಸಿ. ಬಾಯಿಮಾತಿನಲ್ಲಿ ಅಳುವಾಗಿ ಮುಗಿಯುವ ಜಗಳ ಬರಹದಲ್ಲಿ ಕಾರಣಗಳಾಗಿ ನಿಲ್ಲುತ್ತದೆ. ‘ಅಮ್ಮಾ, ನಾನೇ ದಿನಾ ವಾಕಿಂಗ್ ಕರ್ಕೊಂಡು ಹೋಗ್ತೀನಿ’ ಎಂದು ಬರೆದವನಿಗೆ ‘ಹಾಗಾದ್ರೆ ನಾಳೆಯಿಂದ ಬೆಳಿಗ್ಗೆ ಆರಕ್ಕೆ ಎದ್ದು ನನ್ನ ಜೊತೆ ನಡಿ ಕಂದ’ ಎಂದು ಉತ್ತರಿಸಬಹುದು. ಒಂದು ತಿಂಗಳು ಎದ್ದರೆ ಅವನ ಮಾತಿಗೆ ತೂಕವಿದೆ.

ಜೆನ್ನಿ ಆಫಿಲ್ ಅವರ ‘ಸ್ಪಾರ್ಕಿ!’ (2014) ದೊಡ್ಡವರಿಗೂ ನಾಟುವ ಪುಸ್ತಕ. ನಡೆಸುವ, ಸ್ನಾನ ಮಾಡಿಸುವ, ತಿನ್ನಿಸುವ ಗೊಡವೆಯೇ ಇಲ್ಲದ ಪ್ರಾಣಿಯಾದರೆ ತರಬಹುದು ಎಂದು ತಾಯಿ ಷರತ್ತು ಹಾಕುತ್ತಾಳೆ. ಹುಡುಗಿ ಹುಡುಕಿ ಹುಡುಕಿ ಸ್ಲಾತ್ ಎಂಬ ಸೋಮಾರಿ ಪ್ರಾಣಿಯನ್ನು ತರಿಸಿಕೊಳ್ಳುತ್ತಾಳೆ. ಅದು ಮಲಗುತ್ತದೆ, ಮತ್ತೆ ಮಲಗುತ್ತದೆ. ಅದಕ್ಕೆ ಆಟ ಕಲಿಸಲು ಅವಳು ಪಡುವ ಪಾಡು ನಗು ತರಿಸುತ್ತದೆ. ಪ್ರಾಣಿ ನಾವು ಬಯಸಿದಂತೆ ಇರುವುದಿಲ್ಲ, ತಾನಿದ್ದಂತೆ ಇರುತ್ತದೆ ಎಂಬುದು ಮಗುವಿಗೆ ಆ ನಗುವಿನ ಮೂಲಕವೇ ತಿಳಿಯುತ್ತದೆ. ಕೇಳಿದ್ದು ನಾಯಿ, ಸಿಕ್ಕಿದ್ದು ಮೀನು ಎಂದು ಬೇಸರಪಟ್ಟ ಮಗುವಿಗೆ ಕೆಲ್ಲಿ ಬೆನೆಟ್ ಅವರ ‘ನಾಟ್ ನಾರ್ಮನ್’ (2005) ಇದೆ. ಉಡುಗೊರೆಯಾಗಿ ಬಂದ ಚಿನ್ನದ ಮೀನನ್ನು ಬದಲಾಯಿಸಿಕೊಳ್ಳಲು ಹೊರಟ ಹುಡುಗ ನಿಧಾನವಾಗಿ ಅದರ ಗೆಳೆಯನಾಗುವ ಕಥೆ.

ಇವು ಇಂಗ್ಲಿಷ್ ಪುಸ್ತಕಗಳು. ಆನ್‌ಲೈನ್‌ನಲ್ಲೂ ದೊಡ್ಡ ಪುಸ್ತಕದಂಗಡಿಗಳಲ್ಲೂ ಹುಡುಕಬಹುದು, ಹೊರದೇಶದ ಕನ್ನಡಿಗರಾದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ ನೋಡಬಹುದು. ಕನ್ನಡದಲ್ಲೇ ಓದಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ನಾಯಿ, ಬೆಕ್ಕು, ಆಡು, ಹಸುಗಳ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ. ಇನ್ನು ಜಿ.ಪಿ. ರಾಜರತ್ನಂ ಅವರ ನಾಯಿಮರಿ ಪದ್ಯವಂತೂ ಕನ್ನಡ ಮಕ್ಕಳಿಗೆ ಬಾಯಿಪಾಠ. ತಿಂಡಿ ಏಕೆ ಬೇಕು, ಕಳ್ಳ ಬಂದರೆ ಏನು ಮಾಡುತ್ತೀಯ ಎಂದು ಕೇಳಿ, ನಾಯಿಮರಿಯಿಂದಲೇ ಉತ್ತರ ಹೇಳಿಸುವ ಪದ್ಯ ಅದು. ಅದನ್ನು ಹಾಡಿಸಿ, ಆಮೇಲೆ ಪ್ರಶ್ನೆಯನ್ನು ತಿರುಗಿಸಿ: ನಾಯಿಮರಿಯೇ ನಿನ್ನನ್ನು ‘ನೀನು ನನಗೆ ಏನು ಮಾಡ್ತೀಯ’ ಅಂತ ಕೇಳಿದರೆ?

ಮನೆ ನೋಡಿ ಪ್ರಾಣಿ

ಹಳ್ಳಿಮನೆಗಳಲ್ಲಿ ಪ್ರಾಣಿಯನ್ನು ಯಾರೂ ಕೂತು ಆರಿಸುವುದಿಲ್ಲ. ಹಟ್ಟಿಯಲ್ಲಿ ಕರು ಹುಟ್ಟುತ್ತದೆ, ಅಟ್ಟದಲ್ಲಿ ಬೆಕ್ಕು ಮರಿ ಹಾಕುತ್ತದೆ, ಬೀದಿಯ ನಾಯಿ ಜಗುಲಿ ಹಿಡಿಯುತ್ತದೆ. ಅಂಗಡಿಗೆ ಹೋಗಿ ಜಾತಿ, ಬಣ್ಣ, ಬೆಲೆ ನೋಡಿ ಆರಿಸುವುದು ನಗರದ ಮಾತು. ನಗರದಲ್ಲೇ ಜಾಗ ಕಡಿಮೆ, ಮನೆಯಲ್ಲಿ ಇಡೀ ದಿನ ಇರುವವರೂ ಕಡಿಮೆ. ಆದ್ದರಿಂದ ಪ್ರಾಣಿಯ ಚೆಂದ ನೋಡುವ ಮೊದಲು ಮನೆಯ ದಿನಚರಿ ನೋಡಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೀಗ ಬೀಳುವ ಮನೆಗೆ ನಾಯಿಮರಿ ತರುವುದು ಆ ಮರಿಗೆ ಮಾಡುವ ಅನ್ಯಾಯ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ನಾಯಿ ಗುಂಪಿನಲ್ಲಿ ಬದುಕುವ ಜೀವ, ಒಂಟಿತನದಲ್ಲಿ ಅದು ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಕಾಯಿಲೆ ಬೀಳುತ್ತದೆ.

ನಾಯಿಯ ಆಯಸ್ಸು ಸಾಮಾನ್ಯವಾಗಿ 10ರಿಂದ 15 ವರ್ಷ. ಆರು ವರ್ಷದ ಮಗುವಿಗೆಂದು ತಂದ ನಾಯಿ, ಆ ಮಗು ಇಂಜಿನಿಯರಿಂಗ್ ಓದಲು ಬೇರೆ ಊರಿಗೆ ಹೊರಟಾಗಲೂ ಮನೆಯಲ್ಲಿರುತ್ತದೆ, ಆಗ ಮುದಿಯಾಗಿರುತ್ತದೆ. ಅದನ್ನು ನೋಡಿಕೊಳ್ಳುವವರು ನೀವೇ. ಹಾಗಾಗಿ ದೊಡ್ಡವರಿಗೆ ಸ್ವತಃ ಇಷ್ಟವಿಲ್ಲದ ಪ್ರಾಣಿಯನ್ನು ಮಗುವಿನ ಸಂತೋಷಕ್ಕಾಗಿ ತರಲೇಬಾರದು. ಹತ್ತು ವರ್ಷದ ಮಗು ನೀರಿನ ಬಟ್ಟಲು ತುಂಬಿಸಬಹುದು, ಮೈ ಬಾಚಬಹುದು, ಊಟದ ಹೊತ್ತು ನೆನಪಿಸಬಹುದು. ಲಸಿಕೆ, ವೈದ್ಯರು, ಖರ್ಚು, ಮಧ್ಯರಾತ್ರಿಯ ವಾಂತಿಭೇದಿ ದೊಡ್ಡವರ ಪಾಲಿಗೇ.

ಯಾವ ನಾಯಿ ಎಂಬಲ್ಲಿ ಸಿನಿಮಾ ಮತ್ತು ಜಾಹೀರಾತುಗಳು ದಾರಿ ತಪ್ಪಿಸುತ್ತವೆ. 2003ರ ಸುಮಾರಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆಯೇ ಹೋಗುತ್ತಿದ್ದ ಪಗ್ ದೇಶದಲ್ಲೆಲ್ಲ ಮೋಹ ಹುಟ್ಟಿಸಿತು. ಚಪ್ಪಟೆ ಮೂತಿಯ ಆ ತಳಿಗೆ ಉಸಿರಾಟವೇ ಕಷ್ಟ, ಬಿಸಿಲಿನಲ್ಲಿ ಇನ್ನೂ ಕಷ್ಟ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಬೇಸಿಗೆಗೆ ತರುವವರೂ ಇದ್ದಾರೆ. ‘777 ಚಾರ್ಲಿ’ (2022) ನೋಡಿ ಲ್ಯಾಬ್ರಡಾರ್ ಬೇಕೆಂದ ಮಕ್ಕಳಿಗೆ ಆ ಚಿತ್ರದ ಇನ್ನೊಂದು ಮುಖವನ್ನೂ ನೆನಪಿಸಿ. ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಕ್ರೂರವಾಗಿ ಮರಿ ಮಾಡಿಸಿ ಮಾರುವವನ ಗೂಡಿನಿಂದ, ಅದಕ್ಕೆ ಬಂದ ಕಾಯಿಲೆಗೆ ಕಾರಣವೂ ಅಂಥ ತಳಿ ದಂಧೆ.

ನಮ್ಮದೇ ನಾಡಿನ ಮುಧೋಳ ನಾಯಿಯ ಬಗ್ಗೆ ಹೆಮ್ಮೆ ಇರಲಿ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, 2016ರಲ್ಲಿ ಸೇನೆ ಅದರ ಮರಿಗಳನ್ನು ತರಬೇತಿಗೆ ಒಯ್ದಿತು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಬಯಲಿನಲ್ಲಿ ಬೇಟೆಯ ಬೆನ್ನಟ್ಟಲು ಹುಟ್ಟಿದ ನಾಯಿ. ಓಡಲು ಜಾಗವಿರುವ ತೋಟದ ಮನೆಗೆ ಅದು ಒಪ್ಪುತ್ತದೆ, ಮೂರನೆಯ ಮಹಡಿಯ ಎರಡು ಕೋಣೆಗೆ ಅಲ್ಲ. ನಗರದ ಬಹುಪಾಲು ಮನೆಗಳಿಗೆ ನಾನು ಹೇಳುವುದು ನಮ್ಮ ಬೀದಿಯಲ್ಲೇ ಹುಟ್ಟಿದ ನಾಡನಾಯಿಯನ್ನು. ಇಲ್ಲಿನ ಬಿಸಿಲಿಗೂ ಮಳೆಗೂ ಒಗ್ಗಿದ ಮೈ, ಚುರುಕು ಬುದ್ಧಿ, ಸಣ್ಣ ಕೂದಲು, ಹೆಚ್ಚು ಆರೈಕೆ ಬೇಡದ ಚರ್ಮ. ದತ್ತು ಕೊಡುವ ಸಂಸ್ಥೆಗಳಲ್ಲಿ ಇಂಥ ಮರಿಗಳು ಮನೆಗಾಗಿ ಕಾಯುತ್ತಿರುತ್ತವೆ. ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ಕ್ಯೂಪಾ ಸಂಸ್ಥೆ ಈ ಕೆಲಸ ಮಾಡುತ್ತ ಬಂದಿದೆ. ಬೇರೆ ಊರಿನವರು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ಸಿಗುತ್ತದೆ. ದೊಡ್ಡ ನಾಯಿಯನ್ನೇ ದತ್ತು ತಂದರೆ ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ, ಚಿಕ್ಕ ಮಕ್ಕಳ ಮನೆಗೆ ಅದು ಮರಿಗಿಂತ ಹೊಂದುವುದುಂಟು.

ಅಂಗಡಿಯಿಂದಲೋ ತಳಿಗಾರರಿಂದಲೋ ತರುವುದೇ ಆದರೆ 2017ರ ಶ್ವಾನ ತಳಿ ನಿಯಮ ಮತ್ತು 2018ರ ಪೆಟ್ ಶಾಪ್ ನಿಯಮಗಳು ನಿಮ್ಮ ಪರವಾಗಿವೆ. ಇಬ್ಬರೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎನ್ನಿ. ತಾಯಿನಾಯಿಯನ್ನು ನೋಡಬೇಕು ಎನ್ನಿ. ಎರಡಕ್ಕೂ ತಡವರಿಸಿದರೆ ಬರಿಗೈಲಿ ಹಿಂತಿರುಗಿ.

ಬೆಕ್ಕಿಗೆ ನಡಿಗೆ ಬೇಡ, ಚಿಕ್ಕ ಮನೆಗೂ ಹೊಂದುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟುತ್ತದೆ. ಮಹಡಿಮನೆಯಾದರೆ ಕಿಟಕಿ ಬಾಲ್ಕನಿಗಳಿಗೆ ಬಲೆ ಹಾಕಿಸಲೇಬೇಕು. ಸಸ್ಯಾಹಾರಿ ಮನೆಗಳವರು ಒಂದು ವಿಷಯ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಬೆಕ್ಕು ಮಾಂಸಾಹಾರಿ, ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಅದಕ್ಕೆ ಸಿಗುವುದು ಮಾಂಸದಿಂದ. ಹಾಲು ಅನ್ನ, ಮೊಸರನ್ನದ ಮೇಲೆ ಅದನ್ನು ಬದುಕಿಸುತ್ತೇವೆ ಎನ್ನುವುದು ಅದನ್ನು ಸೊರಗಿಸಿದಂತೆ. ಮನೆಯಲ್ಲಿ ಮೀನು ಮಾಂಸ ಬೇಯಿಸದವರು ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಒಪ್ಪಬೇಕು. ಅದೂ ಮನಸ್ಸಿಗೆ ಒಗ್ಗದಿದ್ದರೆ ಬೆಕ್ಕನ್ನು ಬಿಟ್ಟು ಮೊಲದ ಕಡೆ ನೋಡುವುದು ಪ್ರಾಮಾಣಿಕ.

ಮೊಲ ಪೂರ್ತಿ ಸಸ್ಯಾಹಾರಿ. ಆದರೆ ಕ್ಯಾರೆಟ್ ಅದರ ಊಟವಲ್ಲ, ಒಣಹುಲ್ಲು ಅದರ ಊಟ. ಬೆಳೆಯುತ್ತಲೇ ಇರುವ ಹಲ್ಲು ಸವೆಯುವುದು ಹುಲ್ಲು ಜಗಿದಾಗಲೇ. ಸೆಖೆ ಅದಕ್ಕೆ ಅಪಾಯ, ಬಯಲುಸೀಮೆಯ ಏಪ್ರಿಲ್ ಮೇ ತಿಂಗಳಲ್ಲಿ ತಂಪು ಜಾಗ ಮಾಡಿಕೊಡಲಾಗದವರು ತರಬೇಡಿ. ಎತ್ತಿಕೊಂಡರೆ ಹೆದರಿ ಒದೆಯುತ್ತದೆ, ಬಿದ್ದರೆ ಬೆನ್ನುಮೂಳೆ ಮುರಿಯಬಹುದು. ಅಪ್ಪಿಕೊಳ್ಳಲು ಪ್ರಾಣಿ ಬೇಕೆನ್ನುವ ನಾಲ್ಕು ವರ್ಷದ ಮಗುವಿಗೆ ಮೊಲ ಸರಿಯಲ್ಲ.

ಮೀನು ಸುಲಭ ಎಂಬ ನಂಬಿಕೆಗೆ ಬಲಿಯಾದ ಮೀನುಗಳಿಗೆ ಲೆಕ್ಕವಿಲ್ಲ. ಗಾಜಿನ ದುಂಡು ಬಟ್ಟಲು ಚಿನ್ನದ ಮೀನಿನ ಮನೆಯಲ್ಲ. ಅದು 10 ವರ್ಷಕ್ಕೂ ಹೆಚ್ಚು ಬದುಕಬಲ್ಲ, ಗೇಣುದ್ದ ಬೆಳೆಯಬಲ್ಲ ಮೀನು. ಚಿಕ್ಕ ಬಟ್ಟಲಿನಲ್ಲಿ ಅದರ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ಅದನ್ನೇ ಕೊಲ್ಲುತ್ತದೆ. ದೊಡ್ಡ ತೊಟ್ಟಿ, ಫಿಲ್ಟರ್, ಕ್ಲೋರಿನ್ ತೆಗೆದ ನೀರು ಬೇಕು. ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ನೆಲೆಯೂರಲು ಕೆಲವು ವಾರ ಹಿಡಿಯುತ್ತದೆ, ಮೀನು ಬರುವುದು ಆಮೇಲೆ. ಈ ಕಾಯುವಿಕೆಯನ್ನೇ ಮಗುವಿನ ಕೆಲಸ ಮಾಡಿ, ದಿನವೂ ತೊಟ್ಟಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ಪಂಜರದ ಗಿಣಿ ಅಪರಾಧ

ನಮ್ಮ ಗಿಣಿಗಳನ್ನು, ಗೊರವಂಕವನ್ನು, ಮುನಿಯಾಗಳನ್ನು, ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಜ್ಜನ ಮನೆಯಲ್ಲಿ ಮಾತಾಡುವ ಗಿಣಿ ಇತ್ತು ಎಂಬ ಪ್ರೀತಿಯ ನೆನಪು ಅನೇಕರಿಗಿದೆ, ಆದರೂ ಇವತ್ತು ತರುವಂತಿಲ್ಲ. ಮಾರಾಟಕ್ಕೆ ಬರುವ ಗಿಣಿಮರಿ ಮರದ ಪೊಟರೆಯಿಂದ ಕಿತ್ತು ತಂದದ್ದು, ದಾರಿಯಲ್ಲಿ ಸಾಯುವ ಮರಿಗಳು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಅದೃಷ್ಟ ತರುತ್ತದೆಂದು ನಕ್ಷತ್ರ ಆಮೆ ಕೊಳ್ಳುವವರಿಂದ ಆ ಜೀವಿಯೇ ಆಪತ್ತಿಗೆ ಸಿಕ್ಕಿದೆ. 2019ರಲ್ಲಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ ಅದರ ವ್ಯಾಪಾರದ ಮೇಲೆ ಅತಿ ಕಠಿಣ ನಿರ್ಬಂಧ ಹಾಕಿತು.

ಹೊರದೇಶದ ಬಜರಿಗಾರ್, ಕಾಕಟೀಲ್ ಹಕ್ಕಿಗಳನ್ನು ಸಾಕಬಹುದು. ಅವೂ ಒಂಟಿಯಾಗಿ ಇರಬಾರದು, ರೆಕ್ಕೆ ಬಿಚ್ಚಿ ಹಾರುವಷ್ಟು ಜಾಗ ಬೇಕು. ಮಕಾ, ಆಫ್ರಿಕಾದ ಬೂದು ಗಿಣಿಯಂಥವನ್ನು ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಥೆಯ ಅಲೆಕ್ಸ್ ಬಯಸಿದ ಹಸಿರು ಇಗ್ವಾನಾ ಕೂಡ ಈ ಪಟ್ಟಿಯಲ್ಲಿ ಬರುತ್ತದೆ. ಅಂಗಡಿಯಲ್ಲಿ ಅಂಗೈ ಮೇಲೆ ಕೂರುವ ಕೆಂಪುಕಿವಿಯ ಪುಟ್ಟ ಆಮೆ 25 ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ, 30 ವರ್ಷ ಬದುಕಬಲ್ಲದು. ಬೇಸತ್ತು ಅದನ್ನು ಕೆರೆಗೆ ಬಿಟ್ಟರೆ ನಮ್ಮ ಕೆರೆಯ ಆಮೆಗಳ ಅನ್ನ ಕಿತ್ತುಕೊಳ್ಳುತ್ತದೆ. ತರಲೇಬೇಡಿ, ತಂದವರು ಕೆರೆಗಂತೂ ಬಿಡಬೇಡಿ.

ಲಸಿಕೆ, ಕಡಿತ, ಅಡುಗೆಮನೆ

ಪಶುವೈದ್ಯರನ್ನು ಪ್ರಾಣಿ ಬರುವ ಮೊದಲೇ ಗೊತ್ತುಮಾಡಿಕೊಳ್ಳಿ. ನಾಯಿಮರಿಗೆ ಆರೆಂಟು ವಾರದಿಂದ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮರುಡೋಸು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ಸಲವೂ ತಪ್ಪದೆ. ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು, ಇದನ್ನು ಬಹಳ ಮನೆಗಳು ಮರೆಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲ ಭೇಟಿಯಲ್ಲೇ ಕೇಳಿ. ನಗರದಲ್ಲಿ ನಾಯಿ ಸಾಕಲು ಪಾಲಿಕೆಯ ಪರವಾನಗಿ ಬೇಕೇ ಎಂದು ವಿಚಾರಿಸಿ.

ರೇಬೀಸ್ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈದಾರೆಂಬ ಹೆದರಿಕೆಯಿಂದ ಮಕ್ಕಳು ಗಾಯವನ್ನು ಮುಚ್ಚಿಡುತ್ತಾರೆ. ಆದ್ದರಿಂದ ಮೊದಲ ದಿನವೇ ಮಗುವಿಗೆ ಮಾತು ಕೊಡಿ: ಪರಚಿದರೂ ಕಚ್ಚಿದರೂ ಓಡಿಬಂದು ಹೇಳು, ನಾನು ಬೈಯುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಏನನ್ನೂ ಹಚ್ಚಬಾರದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ, ಸಕಾಲಕ್ಕೆ ಚುಚ್ಚುಮದ್ದು ಹಾಕಿಸಿಕೊಂಡರೆ ಭಯವಿಲ್ಲ.

ಮಕ್ಕಳಿಗೆ ಕಲಿಸಲೇಬೇಕಾದ ನಾಲ್ಕು ಮಾತಿವೆ. ಉಣ್ಣುವ ಪ್ರಾಣಿಯನ್ನು ಮುಟ್ಟಬಾರದು, ಮಲಗಿದ್ದನ್ನು ಎಬ್ಬಿಸಬಾರದು, ಮರಿ ಹಾಕಿದ ತಾಯಿಯ ಬಳಿ ಹೋಗಬಾರದು, ಮುಖಕ್ಕೆ ಮುಖ ತಾಗಿಸಬಾರದು. ಐದಾರು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ.

ಅಡುಗೆಮನೆಯ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಮ್ಮ ಸಾರು ಹುಳಿಯಲ್ಲಿ ಈರುಳ್ಳಿ ಹೆಚ್ಚಾಗಿ ಇರುವುದರಿಂದ ಮಿಕ್ಕ ಅನ್ನಸಾರು ಹಾಕುವ ಅಭ್ಯಾಸ ಬಿಡಬೇಕು, ಹಬ್ಬದ ದಿನ ಮಗು ಪ್ರೀತಿಯಿಂದ ತಿನ್ನಿಸುವ ಪಾಯಸದ ದ್ರಾಕ್ಷಿಯ ಮೇಲೂ ಕಣ್ಣಿರಲಿ. ಜ್ವರ ಬಂದಿದೆಯೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಅದು ಸಾಯಬಹುದು. ದೀಪಾವಳಿಯ ಪಟಾಕಿಗೆ ನಾಯಿಗಳು ಬೆದರಿ ಮನೆ ಬಿಟ್ಟು ಓಡುತ್ತವೆ, ಆ ರಾತ್ರಿಗಳಲ್ಲಿ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮನೆಯವರೊಬ್ಬರು ಅದರ ಜೊತೆ ಕೂರಬೇಕು.

ಎಲ್ಲ ಅಳೆದು ಸುರಿದು ಈಗ ಬೇಡ ಎಂಬ ತೀರ್ಮಾನಕ್ಕೆ ಬಂದರೆ ಅದನ್ನು ಮಗುವಿಗೆ ಕಾರಣ ಸಮೇತ ಹೇಳಿ. ಯಾವಾಗ ಮತ್ತೆ ಮಾತಾಡೋಣ ಎಂಬುದನ್ನೂ ಹೇಳಿ, ಹೇಳಿದ ದಿನ ನೀವಾಗಿಯೇ ಮಾತೆತ್ತಿ. ಅಲ್ಲಿಯವರೆಗೆ ಲಸಿಕೆ ಆದ, ಪರಿಚಯದವರ ನಾಯಿಯನ್ನು ಅವರ ಜೊತೆ ಸಂಜೆ ನಡೆಸಬಹುದು, ಊರಿಗೆ ಹೋದ ನೆರೆಯವರ ಮೀನಿಗೆ ಕಾಳು ಹಾಕಬಹುದು. ದತ್ತು ಸಂಸ್ಥೆಯ ಮರಿಯನ್ನು ಕೆಲವು ವಾರ ಮನೆಯಲ್ಲಿಟ್ಟುಕೊಂಡು ಸಾಕಿಕೊಡಲೂಬಹುದು. ಯಾರಿಗಾದರೂ ತುಪ್ಪಳದಿಂದ ಸೀನು, ಉಬ್ಬಸ ಬರುತ್ತದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ.

ತರುವುದೆಂದು ನಿಶ್ಚಯವಾದರೆ ಹುಟ್ಟುಹಬ್ಬದ ದಿನ ತರಬೇಡಿ, ಮನೆ ತುಂಬ ಗದ್ದಲವಿರುತ್ತದೆ. ಎರಡು ದಿನ ರಜೆ ಇರುವ ವಾರಾಂತ್ಯ ಒಳ್ಳೆಯದು. ಬಂದ ಮರಿ ಮಂಚದ ಕೆಳಗೆ ಹೋಗಿ ಅಡಗಿದರೆ ಎಳೆಯಬೇಡಿ. ಹತ್ತಿರದಲ್ಲಿ ನೀರು, ಊಟ, ಹಳೆಯ ಬಟ್ಟೆಯ ಹಾಸಿಗೆ ಇಡಿ. ಮಗುವನ್ನು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂರಿಸಿ, ತಾನು ಓದಿ ನಕ್ಕ ಪುಸ್ತಕವನ್ನೇ ಮೆಲುದನಿಯಲ್ಲಿ ಓದಲು ಹೇಳಿ. ಆ ದನಿಗೆ ಪ್ರಾಣಿ ಒಗ್ಗಿಕೊಳ್ಳುತ್ತದೆ. ಬೆಕ್ಕಿಗೆ ಇದಕ್ಕೆ ಒಂದು ವಾರವೂ ಹಿಡಿಯಬಹುದು. ಅದಾಗಿಯೇ ಹೊರಬಂದು ಮಗುವಿನ ಕೈ ಮೂಸಿದ ಮೇಲೆ ಮುಟ್ಟಲಿ, ಅದಕ್ಕೆ ಮೊದಲು ಬೇಡ.